ದಾವಣಿ ರೋಗದಿಂದ ದ್ರಾಕ್ಷಿ ತೋಟವನ್ನು ಕಾಯುವ ಬಗೆ: ಪುಣೆಯಲ್ಲಿದ್ದು ಊರ ತೋಟ ನಡೆಸುವ ಕನ್ನಡಿಗರಿಗೆ

ಪುಣೆಯ ಹಡಪಸರ, ಮಾಂಜರಿ ಕಡೆ ನೆಲೆಸಿರುವ ವಿಜಯಪುರ, ಅಥಣಿ, ಜಮಖಂಡಿ ಭಾಗದ ನಮ್ಮಂಥ ಅನೇಕರಿಗೆ ಊರಿನಲ್ಲಿ ಎರಡೋ ಮೂರೋ ಎಕರೆ ದ್ರಾಕ್ಷಿ ತೋಟವಿರುತ್ತದೆ. ದಿನನಿತ್ಯದ ಕೆಲಸವನ್ನು ತಮ್ಮನೋ ಕಾಕಾನೋ ನೋಡಿಕೊಳ್ಳುತ್ತಾರೆ. ಔಷಧಿಯ ಖರ್ಚಿನ ಲೆಕ್ಕ ಮತ್ತು ಯಾವುದನ್ನು ಯಾವಾಗ ಹೊಡೆಯಬೇಕೆಂಬ ತೀರ್ಮಾನ ಮಾತ್ರ ಫೋನಿನ ಮೂಲಕ ಪುಣೆಗೆ ಬರುತ್ತದೆ. ಆ ತೀರ್ಮಾನವನ್ನು ಸರಿಯಾಗಿ ತೆಗೆದುಕೊಳ್ಳಲು ಬೇಕಾದ ತಿಳಿವಳಿಕೆಯನ್ನು, ಅದರಲ್ಲೂ ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ ನಂತರ ತೋಟವನ್ನು ಕಾಡುವ ದಾವಣಿ ರೋಗದ ಮಟ್ಟಿಗೆ, ಇಲ್ಲಿ ಬರೆದಿದ್ದೇನೆ. ಜುನ್ನರ, ನಾರಾಯಣಗಾಂವ, ಇಂದಾಪುರ ಕಡೆ ತೋಟವನ್ನು ಪಾಲಿಗೆ ಹಿಡಿದವರಿಗೂ ಇದು ಅನ್ವಯಿಸುತ್ತದೆ. ಅಲ್ಲಿನ ಮರಾಠಿ ರೈತರು ಇದೇ ರೋಗವನ್ನು ಕೇವಡಾ ಎಂದೂ ಬೂದಿ ರೋಗವನ್ನು ಭುರಿ ಎಂದೂ ಕರೆಯುತ್ತಾರೆ.

ಹಲವು ವರ್ಷ ನಾವೂ ಕ್ಯಾಲೆಂಡರ್ ನೋಡಿ ಔಷಧಿ ಹೊಡೆದವರೇ. ಮಳೆ ಬರಲಿ ಬಿಡಲಿ, ನಾಲ್ಕು ದಿನಕ್ಕೊಮ್ಮೆ ಒಂದು ಸಿಂಪರಣೆ ನಡೆಯುತ್ತಿತ್ತು, ಅಂಗಡಿಯವರು ಕೊಟ್ಟ ಚೀಟಿಯೇ ನಮ್ಮ ಶಾಸ್ತ್ರವಾಗಿತ್ತು. ಒಂದು ವರ್ಷ ಹೂ ಬಿಡುವ ಹೊತ್ತಿಗೆ ಸರಿಯಾಗಿ ಮೂರು ರಾತ್ರಿ ಮಳೆ ಸುರಿಯಿತು. ಮಳೆಗೆ ಹಿಂದಿನ ದಿನ ಹೊಡೆದಿದ್ದ ಔಷಧಿ ಬೂದಿ ರೋಗದ್ದಾಗಿತ್ತು, ದಾವಣಿಯದ್ದಲ್ಲ. ವಾರದೊಳಗೆ ಗೊಂಚಲುಗಳು ಕಂದು ಬಣ್ಣಕ್ಕೆ ತಿರುಗಿ ಉದುರಿದವು. ಖರ್ಚು ಕಡಿಮೆಯಾಗಿತ್ತೆಂದು ಆ ಬೆಳೆ ಹೋಗಲಿಲ್ಲ; ರೋಗ ಯಾವಾಗ, ಯಾವ ದಾರಿಯಲ್ಲಿ ಎಲೆಯೊಳಗೆ ಹೋಗುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ಆದ್ದರಿಂದ ಔಷಧಿಗಳ ಹೆಸರಿಗಿಂತ ಮೊದಲು ರೋಗಾಣುವಿನ ನಡತೆಯನ್ನು ಹೇಳುತ್ತೇನೆ.

ರೋಗಾಣುವಿನ ನಡತೆ

ದಾವಣಿಗೆ ಕಾರಣವಾದ ಜೀವಿಯ ಹೆಸರು ಪ್ಲಾಸ್ಮೊಪಾರಾ ವಿಟಿಕೋಲಾ. ನೋಡಲು ಬೂಜಿನಂತೆ ಇದ್ದರೂ ಇದು ನಿಜವಾದ ಶಿಲೀಂಧ್ರವಲ್ಲ, ನೀರಿನಲ್ಲಿ ಈಜುವ ಬೀಜಕಣಗಳನ್ನು ಬಿಡುವ ಬೇರೊಂದು ಗುಂಪಿನ ಜೀವಿ. ಈ ವ್ಯತ್ಯಾಸ ಪುಸ್ತಕದ ಮಾತಾಗಿ ಉಳಿಯುವುದಿಲ್ಲ, ನೇರವಾಗಿ ನಮ್ಮ ಜೇಬಿಗೆ ತಟ್ಟುತ್ತದೆ. ಬೂದಿ ರೋಗಕ್ಕೆ ಕೆಲಸ ಮಾಡುವ ಗಂಧಕವಾಗಲಿ, ಹೆಕ್ಸಕೊನಜೋಲ್‌ನಂಥ ಔಷಧಿಯಾಗಲಿ ದಾವಣಿಯನ್ನು ತಡೆಯುವುದಿಲ್ಲ. ದಾವಣಿಗೆಂದೇ ಇರುವ ಮೆಟಲಾಕ್ಸಿಲ್, ಡೈಮೆಥೊಮಾರ್ಫ್, ಸೈಮಾಕ್ಸಾನಿಲ್ ಮುಂತಾದವು ಬೂದಿ ರೋಗಕ್ಕೆ ತಾಗುವುದಿಲ್ಲ. ಹೀಗಾಗಿ ತೋಟದಲ್ಲಿ ಕಂಡದ್ದು ಎರಡರಲ್ಲಿ ಯಾವುದು ಎಂದು ಗುರುತಿಸುವುದೇ ಮೊದಲ ಕೆಲಸ.

ದಾವಣಿ ಮೊದಲು ಕಾಣುವುದು ಎಲೆಯ ಮೇಲ್ಭಾಗದಲ್ಲಿ, ತಿಳಿ ಹಳದಿ ಬಣ್ಣದ ದುಂಡನೆಯ ಮಚ್ಚೆಯಾಗಿ. ನನ್ನ ತಮ್ಮ ಒಮ್ಮೆ ಫೋನಿನಲ್ಲಿ, ‘ಅಣ್ಣಾ, ಎಲಿ ಮ್ಯಾಲ ಎಣ್ಣಿ ಹನಿ ಬಿದ್ದಂಗ ಆಗೇತಿ’ ಎಂದಿದ್ದ. ಇದಕ್ಕಿಂತ ಸರಿಯಾದ ವರ್ಣನೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದೇ ಮಚ್ಚೆಯ ಕೆಳಗೆ, ಎಲೆಯ ಹಿಂಬದಿಯಲ್ಲಿ, ತೇವವಿದ್ದ ರಾತ್ರಿಯ ಮರುದಿನ ಬೆಳಿಗ್ಗೆ ಹತ್ತಿಯಂಥ ಬಿಳಿ ತುಪ್ಪಟ ಕಾಣುತ್ತದೆ. ಬೂದಿ ರೋಗದಲ್ಲಾದರೋ ಎಲೆಯ ಮೇಲೂ ಕೆಳಗೂ ಹಿಟ್ಟು ಉದುರಿಸಿದಂತೆ ಬೂದು ಪುಡಿ ಇರುತ್ತದೆ, ಬೆರಳಿಂದ ಒರೆಸಿದರೆ ಅಂಟಿಕೊಳ್ಳುತ್ತದೆ. ಅನುಮಾನ ಉಳಿದರೆ ಮಚ್ಚೆಯಿರುವ ನಾಲ್ಕೈದು ಎಲೆಗಳನ್ನು ಸಂಜೆ ಕಿತ್ತು, ಒದ್ದೆ ಕಾಗದದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ಕತ್ತಲೆಯ ಕೋಣೆಯಲ್ಲಿ ಇಡಬೇಕು. ಬೆಳಗಾಗುವಾಗ ಮಚ್ಚೆಯ ಹಿಂಬದಿಯಲ್ಲಿ ಬಿಳಿ ತುಪ್ಪಟ ಎದ್ದಿದ್ದರೆ ಅದು ದಾವಣಿಯೇ, ಮತ್ತು ಜೀವಂತವಾಗಿದೆ. ಔಷಧಿ ಹೊಡೆದ ಮೇಲೂ ಇದೇ ಪರೀಕ್ಷೆಯನ್ನು ಮಾಡಿದರೆ ಹಳೆಯ ಮಚ್ಚೆ ಸತ್ತಿದೆಯೋ ಇನ್ನೂ ಬೀಜಕಣ ಬಿಡುತ್ತಿದೆಯೋ ತಿಳಿಯುತ್ತದೆ. ಒಂದು ರೂಪಾಯಿಯ ಖರ್ಚಿಲ್ಲದ ಈ ಪರೀಕ್ಷೆಯನ್ನು ಪ್ರತಿಯೊಂದು ತೋಟದಲ್ಲೂ ಮಾಡಬೇಕೆಂಬುದು ನನ್ನ ಆಗ್ರಹ.

ಇನ್ನು ರೋಗ ಹರಡುವ ಕ್ರಮ. ಬೀಜಕಣಗಳು ಹುಟ್ಟುವುದು ರಾತ್ರಿ. ಗಾಳಿಯ ಆರ್ದ್ರತೆ ಶೇ. 95ಕ್ಕೂ ಮೇಲಿದ್ದು, ಕನಿಷ್ಠ ನಾಲ್ಕು ಗಂಟೆ ಕತ್ತಲೆಯಿದ್ದು, ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದ್ದರೆ ಅವು ಎಲೆಯ ಹಿಂಬದಿಯಲ್ಲಿ ಮೂಡುತ್ತವೆ. ಗಾಳಿಯಲ್ಲಿ ತೇಲಿ ಬೇರೊಂದು ಎಲೆಯ ಮೇಲೆ ಬಿದ್ದಾಗ ಅಲ್ಲಿ ನೀರಿನ ಪದರವಿದ್ದರೆ ಮಾತ್ರ ಅವುಗಳಿಂದ ಈಜುವ ಕಣಗಳು ಹೊರಬಂದು, ಎಲೆಯ ಕೆಳಭಾಗದಲ್ಲಿರುವ ಪತ್ರರಂಧ್ರಗಳ ಮೂಲಕ ಒಳಗೆ ನುಗ್ಗುತ್ತವೆ. ಹಿತವಾದ ಉಷ್ಣತೆಯಲ್ಲಿ, ಅಂದರೆ 20ರಿಂದ 25 ಡಿಗ್ರಿಯ ಆಸುಪಾಸಿನಲ್ಲಿ, ಎಲೆ ಎರಡು ಮೂರು ಗಂಟೆ ಒದ್ದೆಯಾಗಿದ್ದರೆ ಇಷ್ಟು ಕೆಲಸ ಮುಗಿದುಹೋಗುತ್ತದೆ. ಒಳಗೆ ಹೋದ ಮೇಲೆ ಸಾಮಾನ್ಯವಾಗಿ ಐದರಿಂದ ಹತ್ತು ದಿನ ಹೊರಗೆ ಏನೂ ಕಾಣುವುದಿಲ್ಲ. ನಾವು ಇವತ್ತು ನೋಡುತ್ತಿರುವ ಎಣ್ಣೆ ಮಚ್ಚೆ ಹಿಂದಿನ ವಾರ ಬಿದ್ದ ಇಬ್ಬನಿಯ ಫಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಯುರೋಪಿನ ದ್ರಾಕ್ಷಿ ಸೀಮೆಯಲ್ಲಿ ಮೂರು ಹತ್ತುಗಳ ನಿಯಮ ಎಂಬುದೊಂದಿದೆ: ಚಿಗುರು 10 ಸೆಂಟಿಮೀಟರ್ ಬೆಳೆದಿರಬೇಕು, ಒಂದೆರಡು ದಿನದಲ್ಲಿ 10 ಮಿಲಿಮೀಟರ್ ಮಳೆಯಾಗಿರಬೇಕು, ಉಷ್ಣತೆ 10 ಡಿಗ್ರಿಗಿಂತ ಕೆಳಗಿರಬಾರದು, ಮೂರೂ ಕೂಡಿದರೆ ಮೊದಲ ಸೋಂಕಿನ ಭಯವಿದೆ ಎಂದು ಲೆಕ್ಕ. ಅಲ್ಲಿ ಚಳಿಗಾಲವಿಡೀ ನೆಲದ ಮೇಲಿನ ಒಣ ಎಲೆಗಳಲ್ಲಿ ರೋಗಾಣು ಮಲಗಿರುತ್ತದೆ. ನಮ್ಮಲ್ಲಿ ಬಳ್ಳಿ ವರ್ಷವಿಡೀ ಹಸಿರಾಗಿರುತ್ತದೆ, ಎಪ್ರಿಲ್ ಚಾಟ್ನಿಯ ಎಲೆಗಳ ಮೇಲೆ ಮಳೆಗಾಲದಲ್ಲಿ ಬೆಳೆದ ರೋಗವೇ ಅಕ್ಟೋಬರ್ ಚಾಟ್ನಿಯ ಎಳೆ ಚಿಗುರಿಗೆ ದಾಟುತ್ತದೆ. ಆದ್ದರಿಂದ ಆ ನಿಯಮವನ್ನು ಹಾಗೆಯೇ ನಂಬಿ ಕೂರುವಂತಿಲ್ಲ. ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬ ಒಂದೇ ಪ್ರಶ್ನೆ ನಮ್ಮಲ್ಲಿ ಹೆಚ್ಚು ಮುಖ್ಯ.

ಎಲ್ಲಕ್ಕಿಂತ ಅಪಾಯದ ದಿನಗಳು

ಚಾಟ್ನಿಯಾದ ಸುಮಾರು 15ನೇ ದಿನದಿಂದ 50ನೇ ದಿನದವರೆಗಿನ ಕಾಲವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಎಳೆ ಎಲೆ, ಮೊಗ್ಗಿನ ಗೊಂಚಲು, ಹೂವು ಮತ್ತು ಆಗತಾನೆ ಕಟ್ಟಿದ ಕಾಯಿ, ಇವೆಲ್ಲ ರೋಗಕ್ಕೆ ಸುಲಭವಾಗಿ ತುತ್ತಾಗುವುದು ಈ ಅವಧಿಯಲ್ಲೇ. ಕಾಯಿ ಬಟಾಣಿ ಗಾತ್ರ ದಾಟಿದ ಮೇಲೆ ಅದರ ಮೇಲಿನ ರಂಧ್ರಗಳು ಕೆಲಸ ನಿಲ್ಲಿಸುವುದರಿಂದ ರೋಗಾಣುವಿಗೆ ಒಳಹೋಗಲು ದಾರಿ ಇರುವುದಿಲ್ಲ. ಗೊಂಚಲಿನ ತೊಟ್ಟಿಗೆ ಮಾತ್ರ ಇನ್ನೂ ಕೆಲವು ದಿನ ಅಪಾಯವಿರುತ್ತದೆ. 2019ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಆರಂಭದ ಅಕಾಲ ಮಳೆ ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರನ್ನು ಅಷ್ಟೊಂದು ಕಾಡಿದ್ದು ಅದು ಬಹಳಷ್ಟು ತೋಟಗಳಲ್ಲಿ ಈ ಹಂತಕ್ಕೇ ಬಂದು ಸೇರಿದ್ದರಿಂದ. ಒಂದೇ ದಿನ ಇಡೀ ತೋಟದ ಚಾಟ್ನಿ ಮಾಡದೆ, ಎರಡು ಭಾಗ ಮಾಡಿ ಹತ್ತು ಹದಿನೈದು ದಿನದ ಅಂತರದಲ್ಲಿ ಮಾಡುವುದು ಆಳು ಸಿಗುವ ದೃಷ್ಟಿಯಿಂದ ಕಷ್ಟವಾದರೂ, ಒಂದು ಮಳೆಗೆ ಎಲ್ಲ ಬೆಳೆಯನ್ನೂ ಒಡ್ಡದಿರುವ ದಾರಿ ಅದೊಂದೇ ಎಂದು ನನಗೆ ಅನಿಸುತ್ತದೆ.

ಹವಾಮಾನವನ್ನು ಓದುವುದು

ಈ ವಿಷಯದಲ್ಲಿ ಪುಣೆಯಲ್ಲಿರುವ ನಮಗೆ ವಿಶೇಷ ಅನುಕೂಲವಿದೆ. ಭಾರತೀಯ ಹವಾಮಾನ ಇಲಾಖೆಯ ಕೃಷಿ ಹವಾಮಾನ ವಿಭಾಗ 1932ರಲ್ಲಿ ಆರಂಭವಾದದ್ದು ಇದೇ ಊರಿನಲ್ಲಿ, ಈಗಲೂ ಇಲ್ಲೇ ಇದೆ. ಇಲಾಖೆಯ ಜಿಲ್ಲಾವಾರು ಕೃಷಿ ಹವಾಮಾನ ಸಲಹೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಬರುತ್ತದೆ, 2019ರಲ್ಲಿ ಬಂದ ಮೇಘದೂತ್ ಆ್ಯಪ್‌ನಲ್ಲಿ ಅದನ್ನು ಕನ್ನಡದಲ್ಲೇ ಓದಬಹುದು. ಪುಣೆಯಲ್ಲಿ ಕೂತವರು ಆ್ಯಪ್‌ನಲ್ಲಿ ತಮ್ಮ ಊರಿನ ಜಿಲ್ಲೆಯನ್ನೇ ಆರಿಸಿಕೊಳ್ಳಬೇಕು. ಇಲ್ಲಿ ಮೋಡ ಕವಿದಿದೆ ಎಂದು ಅಲ್ಲಿ ಔಷಧಿ ಹೊಡೆಸಿದ ತಪ್ಪನ್ನು ನಾನೂ ಮಾಡಿದ್ದೇನೆ. ಮುನ್ಸೂಚನೆಯಲ್ಲಿ ಮಳೆಯೊಂದನ್ನೇ ನೋಡದೆ, ಬೆಳಗಿನ ಆರ್ದ್ರತೆ ಮತ್ತು ಮೋಡದ ಪ್ರಮಾಣವನ್ನೂ ನೋಡಬೇಕು.

ಮುನ್ಸೂಚನೆ ಜಿಲ್ಲೆಯದ್ದು, ರೋಗ ನಮ್ಮ ಸಾಲಿನದ್ದು. ಆದ್ದರಿಂದ ತೋಟದೊಳಗೆ ಒಂದು ಮಳೆಮಾಪಕ, ಕನಿಷ್ಠ-ಗರಿಷ್ಠ ಉಷ್ಣತೆ ತೋರುವ ಒಂದು ಥರ್ಮಾಮೀಟರ್ ಇರಲೇಬೇಕು. ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು ಎಂಬುದನ್ನು ದಾಖಲಿಸಿ ಫೋನಿಗೆ ಕಳಿಸುವ ಸೆನ್ಸರ್ ಯಂತ್ರಗಳು ಈಗ ಸಿಗುತ್ತವೆ. ನಾಲ್ಕೈದು ಜನ ಅಕ್ಕಪಕ್ಕದ ರೈತರು ಕೂಡಿ ಒಂದನ್ನು ಹಾಕಿಸಿಕೊಂಡರೆ ಅದು ಖಂಡಿತ ಲಾಭದ ಮಾತು. ಹಾಕಿಸುವಾಗ ಅದನ್ನು ಮನೆಯ ಮಾಳಿಗೆಯ ಮೇಲಲ್ಲದೆ ಬಳ್ಳಿಯ ಚಪ್ಪರದ ಎತ್ತರದಲ್ಲಿ, ತೋಟದ ತಗ್ಗಿನ ಭಾಗದಲ್ಲಿ ಇಡಬೇಕು. ಯಂತ್ರವಿಲ್ಲದವರು ಬೆಳಿಗ್ಗೆ ಆರು, ಎಂಟು ಮತ್ತು ಹತ್ತು ಗಂಟೆಗೆ ಎಲೆಯ ಹಿಂಬದಿಯನ್ನು ಬೆರಳಿಂದ ಮುಟ್ಟಿ ನೋಡಿ, ಒದ್ದೆ ಅಥವಾ ಒಣ ಎಂದು ನೋಟುಪುಸ್ತಕದಲ್ಲಿ ಬರೆದರೂ ಸಾಕು. ನಮ್ಮ ತೋಟದಲ್ಲಿ ಎರಡು ಹಂಗಾಮು ಹೀಗೆ ಬರೆದ ಮೇಲೆ, ಹಳ್ಳದ ಬದಿಯ ಆರು ಸಾಲುಗಳಲ್ಲಿ ಇಬ್ಬನಿ ಉಳಿದ ಕಡೆಗಿಂತ ಎರಡು ಗಂಟೆ ತಡವಾಗಿ ಆರುತ್ತದೆ ಎಂದು ತಿಳಿಯಿತು. ರೋಗ ಪ್ರತಿ ವರ್ಷ ಮೊದಲು ಕಾಣುತ್ತಿದ್ದುದು ಆ ಸಾಲುಗಳಲ್ಲೇ.

ಬಳ್ಳಿಯನ್ನು ಒಣಗಿಸುವ ಕೆಲಸಗಳು

ಎಲೆ ಬೇಗ ಆರಿದರೆ ಅರ್ಧ ಯುದ್ಧ ಗೆದ್ದಂತೆ. ಹೆಚ್ಚಿನ ಚಿಗುರುಗಳನ್ನು ಗೊಂಚಲು ಕಂಡ ಕೂಡಲೇ ಕಿತ್ತು, ಗೊಂಚಲಿನ ಸುತ್ತಲಿನ ಎಲೆಗಳನ್ನು ಬಿಡಿಸಿ, ನಡುಹಗಲಿನಲ್ಲಿ ಚಪ್ಪರದ ಕೆಳಗೆ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಕಾಣುವಂತೆ ಮಾಡಬೇಕು. ಡ್ರಿಪ್ ನೀರನ್ನು ಸಂಜೆ ಬಿಡದೆ ಬೆಳಿಗ್ಗೆ ಬಿಡಬೇಕು. ಮೋಡ ಕವಿದ ದಿನಗಳಲ್ಲಿ ನೀರನ್ನು ಕಡಿಮೆ ಮಾಡಬೇಕು. ಯೂರಿಯಾ ಹೆಚ್ಚಾದ ಬಳ್ಳಿ ಸೊಂಪಾಗಿ ಹಬ್ಬಿ ನೆರಳು ಕಟ್ಟುತ್ತದೆ, ಅದರ ಎಳೆ ಎಲೆ ರೋಗಕ್ಕೆ ಬೇಗ ಸೋಲುತ್ತದೆ. ಗೊಬ್ಬರವನ್ನು ಅಂದಾಜಿನಲ್ಲಿ ಕೊಡುವ ಬದಲು ತೊಟ್ಟಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು: ಹೂ ಬಿಡುವ ಹಂತದಲ್ಲಿ ಗೊಂಚಲಿನ ಎದುರಿಗಿರುವ ಎಲೆಗಳ ತೊಟ್ಟನ್ನು ತೋಟದ ಎಲ್ಲ ಕಡೆಯಿಂದ ಸಂಗ್ರಹಿಸಿ, ಎಲೆಯ ಹಾಳೆಯನ್ನು ತೆಗೆದುಹಾಕಿ, ಕಾಗದದ ಚೀಲದಲ್ಲಿ ಪ್ರಯೋಗಾಲಯಕ್ಕೆ ಕೊಡಬೇಕು. ಡಾಗ್ರಿಜ್ ಎಂಬ ಬಳ್ಳಿಯ ಬೇರಿನ ಮೇಲೆ ಕಸಿ ಕಟ್ಟಿದ ಬಳ್ಳಿಗೆ ದಾವಣಿ ಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಕೇಳಿಬರುತ್ತದೆ. ಅದು ನಿಜವಲ್ಲ, ಆ ಬೇರು ಬರವನ್ನೂ ಉಪ್ಪಿನ ನೆಲವನ್ನೂ ತಾಳಿಕೊಳ್ಳಲು ನೆರವಾಗುತ್ತದೆ, ಮೇಲಿನ ಥಾಮ್ಸನ್ ಅಥವಾ ಅದರಿಂದ ಬಂದ ಸೋನಾಕಾ, ತಾಸ್-ಎ-ಗಣೇಶ ತಳಿಗಳ ಎಲೆಗೆ ರಕ್ಷಣೆ ಕೊಡುವುದಿಲ್ಲ.

ಬೋರ್ಡೋ ದ್ರಾವಣ

ಮೈಲುತುತ್ತ ಮತ್ತು ಸುಣ್ಣದ ಈ ದ್ರಾವಣಕ್ಕೆ ನೂರನಲವತ್ತು ವರ್ಷದ ಇತಿಹಾಸವಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ನೀಲಿ ಬಣ್ಣದ ಈ ಮಿಶ್ರಣವನ್ನು ಎರಚುತ್ತಿದ್ದರು. ಆ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಕಣ್ಣಿಟ್ಟು ನೋಡಿದ್ದರಿಂದ ಹುಟ್ಟಿದ ಈ ಔಷಧಿಯನ್ನು ತಯಾರಿಸುವಾಗ ನಾವು ತೋರುವ ಅವಸರವೇ ಅದರ ಶಕ್ತಿಯನ್ನು ಕೆಡಿಸುತ್ತದೆ.

ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಒಳ್ಳೆಯ ಸುಟ್ಟ ಸುಣ್ಣ ಬೇಕು. ಮೈಲುತುತ್ತವನ್ನು ಪುಡಿ ಮಾಡಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಹಾಕಿ ಪೂರ್ತಿ ಕರಗಿಸಬೇಕು. ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಅರಳಿಸಿ, ಆರಿದ ಮೇಲೆ ಉಳಿದ 50 ಲೀಟರ್ ನೀರು ಸೇರಿಸಿ ಬಟ್ಟೆಯಲ್ಲಿ ಸೋಸಬೇಕು. ನಂತರ ಇಬ್ಬರು ನಿಂತು ಎರಡನ್ನೂ ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಸುರಿಯುತ್ತ, ಮರದ ಕೋಲಿನಿಂದ ತಿರುವುತ್ತಿರಬೇಕು. ಕಬ್ಬಿಣದ ಪಾತ್ರೆಯನ್ನು ಎಲ್ಲಿಯೂ ಬಳಸಬಾರದು. ಸಿದ್ಧವಾದ ದ್ರಾವಣದಲ್ಲಿ ಉಜ್ಜಿ ಹೊಳಪಿಸಿದ ಕುಡುಗೋಲನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಕೆಂಪು ಕಾಣದಾಗುವವರೆಗೆ ಸುಣ್ಣದ ನೀರನ್ನು ಸೇರಿಸುತ್ತ ಹೋಗಬೇಕು. ದ್ರಾವಣವನ್ನು ಅದೇ ದಿನ ಮುಗಿಸಬೇಕು. ಚಾಟ್ನಿ ಮುಗಿದ ಕೂಡಲೇ ಕಡ್ಡಿ, ಕಾಂಡ ತೊಯ್ಯುವಂತೆ ಇದನ್ನು ಹೊಡೆಯುವುದು ಹಳೆಯ ರೋಗವನ್ನು ಕಡಿಮೆ ಮಾಡುವ ಒಳ್ಳೆಯ ಕ್ರಮ. ಹೂ ಬಿಡುವ ಹಂತದಲ್ಲಿ ತಾಮ್ರ ಬೇಡ. ವರ್ಷವರ್ಷವೂ ಬೇಕೆಂದಷ್ಟು ಹೊಡೆದರೆ ತಾಮ್ರ ಮಣ್ಣಿನಲ್ಲಿ ಉಳಿದು ಒಟ್ಟುಗೂಡುತ್ತದೆ ಎಂಬುದನ್ನೂ ಮರೆಯಬಾರದು.

ಸಿಂಪರಣೆಯ ತೀರ್ಮಾನ

ಮ್ಯಾಂಕೊಜೆಬ್, ತಾಮ್ರ ಮುಂತಾದ ಸ್ಪರ್ಶ ಔಷಧಿಗಳು ಎಲೆಯ ಮೇಲೆ ಕೂತು ಕಾಯುತ್ತವೆ; ಬೀಜಕಣ ಒಳಹೋಗುವ ಮೊದಲೇ ಅವು ಅಲ್ಲಿರಬೇಕು, ಅಂದರೆ ಮಳೆಗೆ ಮೊದಲು. ಎಲೆಯೊಳಗೆ ಹೀರಿಕೊಳ್ಳುವ ಔಷಧಿಗಳು ಮಳೆ ಮುಗಿದ ಒಂದೆರಡು ದಿನದೊಳಗೆ ಹೊಡೆದರೆ ಒಳಹೋದ ರೋಗವನ್ನು ತಡೆಯಬಲ್ಲವು. ಮಚ್ಚೆ ಎದ್ದ ಮೇಲೆ ಅವುಗಳಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಆದ್ದರಿಂದ ಮುನ್ಸೂಚನೆಯಲ್ಲಿ ಮಳೆ ಕಂಡರೆ ಸ್ಪರ್ಶ ಔಷಧಿ, ಮಳೆ ತಿಳಿಸದೆ ಬಂದು ಎಲೆ ರಾತ್ರಿಯಿಡೀ ಒದ್ದೆಯಾಗಿದ್ದರೆ ತಡಮಾಡದೆ ಒಳಸೇರುವ ಔಷಧಿ, ಒಣಹವೆ ಮುಂದುವರಿದರೆ ದಾವಣಿಗೆ ಯಾವುದೂ ಬೇಡ ಎಂಬುದು ನಾವು ಪಾಲಿಸುತ್ತಿರುವ ಕ್ರಮ. ಒಣಹವೆಯಲ್ಲಿ ಬೂದಿ ರೋಗದ ಕಡೆ ಗಮನವಿರಲಿ, ಅದಕ್ಕೆ ಎಲೆಯ ಮೇಲೆ ನೀರು ಬೇಕಾಗಿಲ್ಲ. ಒಳಸೇರುವ ಔಷಧಿಗಳಲ್ಲಿ ಒಂದೇ ಗುಂಪಿನದನ್ನು ಮತ್ತೆ ಮತ್ತೆ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಹೋಗುತ್ತದೆ. ವ್ಯಾಪಾರಿ ಹೆಸರು ಬೇರೆ ಬೇರೆಯಾದರೂ ಒಳಗಿನ ಔಷಧಿ ಒಂದೇ ಆಗಿರುವುದುಂಟು, ಹಾಗಾಗಿ ಡಬ್ಬಿಯ ಮೇಲಿನ ರಾಸಾಯನಿಕ ಹೆಸರನ್ನು ಓದಿಯೇ ಬದಲಾಯಿಸಬೇಕು.

ರೋಗಾಣು ಒಳಹೋಗುವುದು ಎಲೆಯ ಕೆಳಭಾಗದಿಂದ ಎಂದೆನಲ್ಲ, ಬ್ಲೋವರ್ (ಟ್ರ್ಯಾಕ್ಟರಿನ ಸಿಂಪರಣೆ ಯಂತ್ರ) ಓಡಿಸುವವರಿಗೆ ಇದನ್ನು ತಿಳಿಸಿ ಹೇಳಬೇಕು. ನೀರು ತಾಗಿದರೆ ಹಳದಿಯಿಂದ ನೀಲಿಗೆ ತಿರುಗುವ ಕಾಗದದ ಪಟ್ಟಿಗಳು ಸಿಗುತ್ತವೆ. ಅವನ್ನು ಎಲೆಗಳ ಹಿಂಬದಿಗೆ ಪಿನ್ ಮಾಡಿ, ಬರೀ ನೀರು ತುಂಬಿ ಒಂದು ಸಾಲು ಓಡಿಸಿದರೆ ಹನಿ ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ನಾವು ಮೊದಲ ಸಲ ನೋಡಿದಾಗ ಚಪ್ಪರದ ನಡುವಿನ ಎಲೆಗಳ ಹಿಂಬದಿ ಬಹುತೇಕ ಒಣಗಿಯೇ ಇತ್ತು. ಟ್ರ್ಯಾಕ್ಟರಿನ ವೇಗ ತಗ್ಗಿಸಿ, ನಾಝಲ್ ತಿರುಗಿಸಿದ ಮೇಲೆ ಸರಿಯಾಯಿತು. ಇದೇ ಕಾರಣಕ್ಕೆ, ಮೇಲಿನಿಂದ ಹನಿ ಬೀಳಿಸುವ ಡ್ರೋನ್ ಕಬ್ಬಿಗೆ, ತೊಗರಿಗೆ ಎಷ್ಟೇ ಅನುಕೂಲವಾದರೂ, ದಟ್ಟವಾಗಿ ಹಬ್ಬಿದ ದ್ರಾಕ್ಷಿ ಚಪ್ಪರದ ದಾವಣಿಗೆ ಅದೊಂದನ್ನೇ ನೆಚ್ಚಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಎರಡು ಔಷಧಿ ಬೆರೆಸುವ ಮೊದಲು ಗಾಜಿನ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಬೆರೆಸಿ ಅರ್ಧ ಗಂಟೆ ಇಟ್ಟು, ಮೊಸರಿನಂತೆ ಒಡೆದರೆ ಆ ಜೋಡಿಯನ್ನು ಬಿಡಬೇಕು. ಟ್ರೈಕೊಡರ್ಮಾದಂಥ ಜೈವಿಕ ಔಷಧಿಯನ್ನು ತಾಮ್ರದ ಜೊತೆ ಎಂದಿಗೂ ಬೆರೆಸಬಾರದು, ಅದು ಸತ್ತುಹೋಗುತ್ತದೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ವಿಷದ ಮಟ್ಟವನ್ನು ಹೇಳುತ್ತದೆ: ಕೆಂಪು ಅತಿ ತೀವ್ರ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಔಷಧಿ ಹೊಡೆಯುವ ಆಳಿಗೆ ಕೈಗವಸು, ಮುಖಕವಚ, ತುಂಬುತೋಳಿನ ಅಂಗಿ ಕೊಡಿಸುವುದು ಮಾಲೀಕರ ಹೊಣೆ, ದಯವಿಟ್ಟು ಅದರಲ್ಲಿ ಕೈ ಬಿಗಿ ಹಿಡಿಯಬೇಡಿ.

ಕೊಯ್ಲಿನ ಕಡೆಗೆ

ಪ್ರತಿ ಔಷಧಿಗೂ ಕೊನೆಯ ಸಿಂಪರಣೆಯಿಂದ ಕೊಯ್ಲಿನವರೆಗೆ ಇಷ್ಟು ದಿನ ಕಳೆಯಬೇಕೆಂಬ ನಿಯಮವಿದೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಉಳಿದಿದ್ದರಿಂದ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಗಿ ರೈತರೂ ರಫ್ತುದಾರರೂ ದೊಡ್ಡ ನಷ್ಟ ಅನುಭವಿಸಿದರು. ಯಾವ ಔಷಧಿಯನ್ನು ಬಳಸಬಹುದು, ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬ ಪಟ್ಟಿಯನ್ನು ಮಾಂಜರಿಯಲ್ಲಿರುವ, 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ರೈತರಿಗಾಗಿ ಕಾಲಕಾಲಕ್ಕೆ ಪರಿಷ್ಕರಿಸಿ ಪ್ರಕಟಿಸುತ್ತದೆ. ಹೋದ ವರ್ಷದ ಪಟ್ಟಿ ಈ ವರ್ಷಕ್ಕೆ ನಡೆಯುವುದಿಲ್ಲ. ಸೋಲಾಪುರ ರಸ್ತೆಯಲ್ಲಿ ಊರಿಗೆ ಹೋಗುವವರ ದಾರಿಯಲ್ಲೇ ಆ ಕೇಂದ್ರವಿದೆ. ರಫ್ತಿಗಲ್ಲ, ಒಣದ್ರಾಕ್ಷಿ ಮಾಡುತ್ತೇವೆ ಎನ್ನುವವರಿಗೂ ಈ ಮಾತು ಸಲ್ಲುತ್ತದೆ. ನಾಲ್ಕು ಕಿಲೊ ಹಣ್ಣು ಒಣಗಿ ಸುಮಾರು ಒಂದು ಕಿಲೊ ಆಗುವಾಗ ನೀರು ಹೋಗುತ್ತದೆ, ಔಷಧಿಯ ಅಂಶ ಅದೇ ಲೆಕ್ಕದಲ್ಲಿ ಹೋಗುತ್ತದೆಂಬ ಭರವಸೆಯಿಲ್ಲ.

ಕೊಯ್ಲು ಮುಗಿದ ಮೇಲೆ ನೋಟುಪುಸ್ತಕವನ್ನು ಮುಚ್ಚಿಡಬೇಡಿ. ಮೊದಲ ಮಚ್ಚೆ ಯಾವ ದಿನ, ಯಾವ ಸಾಲಿನಲ್ಲಿ ಕಂಡಿತು, ಅದಕ್ಕೆ ಹಿಂದಿನ ವಾರ ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದನ್ನು ತಮ್ಮನನ್ನೋ ಕಾಕಾನನ್ನೋ ಕೂರಿಸಿಕೊಂಡು ಒಟ್ಟಿಗೆ ಓದಿ, ಆ ಸಾಲುಗಳ ಉದುರೆಲೆಗಳನ್ನು ಎಪ್ರಿಲ್ ಚಾಟ್ನಿಗೆ ಮೊದಲೇ ಗುಡಿಸಿ ತೋಟದಿಂದ ಹೊರಗೆ ಹಾಕಿಸಿ.